ಊಟದ ಮನೆಯ ಬಾಗಿಲಲ್ಲಿ ಉಡುಪು

ಹಡಗಿನ ಭೋಜನಶಾಲೆಗೆ ರಾತ್ರಿಯೂಟಕ್ಕೆ ಕೋಟು ತೊಟ್ಟೇ ಬರಬೇಕೆಂಬುದು ಇಂಗ್ಲಿಷರ ಹಳೆಯ ಪದ್ಧತಿ. 1888ರಲ್ಲಿ ಇಂಗ್ಲೆಂಡಿಗೆ ಹೊರಟ ಗಾಂಧೀಜಿ, ಮುಳ್ಳುಚಮಚ ಬಳಸಲು ತಿಳಿಯದೆ ತಮ್ಮ ಕೋಣೆಯಲ್ಲೇ ಉಣ್ಣುತ್ತಿದ್ದರು.

ಅಂಥದೇ ಕಟ್ಟಳೆ ಇಲ್ಲಿನ ದೊರೆಗಳ ಕ್ಲಬ್ಬುಗಳಲ್ಲೂ ಇತ್ತು. ದೊರೆಗಳು ಹೋದರೂ ಅದು ಉಳಿಯಿತು. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ಪಂಚೆಯುಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ತಡೆಯಿತು. ಅದೇ ವರ್ಷ ತಮಿಳುನಾಡು ಇದರ ವಿರುದ್ಧ ಕಾನೂನು ತಂದಿತು. 2024ರಲ್ಲಿ ಬೆಂಗಳೂರಿನ ಮಾಲೊಂದು ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆಯ ಕಾರಣಕ್ಕೆ ಒಳಬಿಡಲಿಲ್ಲ. ಅದಕ್ಕೆ ಏಳು ದಿನ ಬೀಗ ಬಿತ್ತು.

ಹಾಗೆಂದು ತಪ್ಪೆಲ್ಲ ಪರಕೀಯರದೇ ಅಲ್ಲ. ಅಂಗಿ ಕಳಚಿ ಮಡಿಯುಟ್ಟವರಿಗಷ್ಟೇ ಎಲೆ ಹಾಕುವ ಪಂಕ್ತಿಗಳು ನಮ್ಮಲ್ಲೂ ಇವೆ. ಅಲ್ಲಿ ಕೋಟು ಬೇಕು, ಇಲ್ಲಿ ಅಂಗಿ ಬೇಡ. ಎರಡೂ ಕಡೆ ಬಾಗಿಲಲ್ಲಿ ಕೇಳುವ ಪ್ರಶ್ನೆ ಒಂದೇ: ನೀನು ಯಾರ ಪೈಕಿ?