ರೇಡಿಯಂ ಡಯಲ್‌ನ ಹುಡುಗಿಯರು

ಗಡಿಯಾರ ರಿಪೇರಿ ನನ್ನ ಕಸುಬು. 1940ರ ದಶಕದ ಸ್ವಿಸ್ ವಾಚು ಕೈಗೆ ಬಂದರೆ ಗಾಜು ತೆಗೆಯುವ ಮೊದಲು ಅಂಕಿಗಳ ಬಣ್ಣ ನೋಡುತ್ತೇನೆ. ಬಣ್ಣ ಕಂದು ತಿರುಗಿ, ಮುಳ್ಳು ಬಹುಕಾಲ ನಿಂತ ಜಾಗದಲ್ಲಿ ಡಯಲ್ ಸುಟ್ಟಂತೆ ಕಲೆಗಟ್ಟಿದ್ದರೆ ಅದು ರೇಡಿಯಂ ಎಂದೇ ಲೆಕ್ಕ.

ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದ ಈ ಲೋಹದ ಲವಲೇಶವನ್ನು ಸತುವಿನ ಸಲ್ಫೈಡ್ ಜೊತೆ ಬೆರೆಸಿದರೆ ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಅಂಥ ವಾಚುಗಳು ಬೇಕಾದವು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್‌ ಊರಿನಲ್ಲಿ 1917ರಿಂದ ಹದಿಹರೆಯದ ಹುಡುಗಿಯರು ಡಯಲ್ ಬರೆಯಲು ಕುಳಿತರು. ಕುಂಚವನ್ನು ತುಟಿಯಲ್ಲಿ ಚೂಪು ಮಾಡುವುದು, ಬಣ್ಣಕ್ಕೆ ಅದ್ದುವುದು, ಅಂಕಿ ತಿದ್ದುವುದು: ಹಾಗೆಂದು ಕಲಿಸಿದ್ದೇ ಕಾರ್ಖಾನೆಯವರು. ಮೋಜಿಗೆ ಕೆಲವರು ಉಗುರಿಗೂ ಹಲ್ಲಿಗೂ ಬಳಿದುಕೊಂಡರು. ರಾತ್ರಿ ಮನೆಗೆ ಹೊರಟರೆ ತಲೆಗೂದಲು, ಲಂಗ ಎಲ್ಲ ಮಿನುಗುತ್ತಿದ್ದವು.

ರೇಡಿಯಂ ಕ್ಯಾಲ್ಸಿಯಂನ ಗುಣದ್ದು; ಹೊಟ್ಟೆಗೆ ಹೋದದ್ದು ಮೂಳೆಯಲ್ಲಿ ಮನೆ ಮಾಡಿತು. ಹಲ್ಲು ಉದುರಿದವು, ದವಡೆ ಕೊಳೆಯಿತು, ಹಲವರು ಸತ್ತರು. ಆ ಹುಡುಗಿಯರಲ್ಲೊಬ್ಬಳಾದ ಗ್ರೇಸ್ ಫ್ರೈಯರ್ ಬಹಳ ಅಲೆದ ಮೇಲೆ ಒಬ್ಬ ವಕೀಲ ಸಿಕ್ಕಿದ. ಅವಳೂ ಸೇರಿ ಐವರು ಕಾರ್ಖಾನೆಯ ಮೇಲೆ 1927ರಲ್ಲಿ ಹೂಡಿದ ದಾವೆ ಮರುವರ್ಷ ರಾಜಿಯಲ್ಲಿ ಮುಗಿದು, ತಲಾ 10,000 ಡಾಲರ್ ಬಂತು. ಆ ಹೊತ್ತಿಗೆ ಕೆಲವರಿಗೆ ಕೈ ಎತ್ತಲೂ ಆಗುತ್ತಿರಲಿಲ್ಲ.

ಕಾಲ ಕಳೆದಂತೆ ಸಲ್ಫೈಡ್ ಸವೆದು ಹೊಳಪು ಆರುತ್ತದೆ. ರೇಡಿಯಂ ಮಾತ್ರ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಹೊಳೆಯದ ಡಯಲ್ ನಿರಪಾಯವೆಂದು ನಂಬಬೇಡಿ. ಅಜ್ಜನ ಕಾಲದ ಅಂಥ ವಾಚು ಮನೆಯಲ್ಲಿದ್ದರೆ ಬಿಚ್ಚಬೇಡಿ, ಬಣ್ಣ ಕೆರೆಯಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ.