ಸ್ಟೆಪ್ ಕೇಕ್‌ನ ಆಧಾರ ಸಾಮಗ್ರಿ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ

ಒಂದರ ಮೇಲೊಂದು ಕೇಕ್ ಇಟ್ಟು ಕಟ್ಟುವ ಸ್ಟೆಪ್ ಕೇಕ್ ಕುಸಿಯದಂತೆ, ಜಾರದಂತೆ ಒಳಗಿನಿಂದ ಹಿಡಿದು ನಿಲ್ಲಿಸುವ ಬೋರ್ಡು, ಕಡ್ಡಿ, ಕೊಳವೆ, ನಡುಗೋಲುಗಳನ್ನೂ ಅದನ್ನು ಸಮಾರಂಭದ ಜಾಗಕ್ಕೆ ಮುಟ್ಟಿಸಲು ಬೇಕಾದ ಪೆಟ್ಟಿಗೆ, ಸ್ಟ್ಯಾಂಡುಗಳನ್ನೂ ಒಟ್ಟಾಗಿ ಆಧಾರ ಸಾಮಗ್ರಿ ಎನ್ನಬಹುದು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯಲ್ಲಿ ಮಗುವಿನ ಮೊದಲ ಹುಟ್ಟುಹಬ್ಬ, ತೊಟ್ಟಿಲು ಕಾರ್ಯ, ಮದುವೆಯ ಆರತಕ್ಷತೆ, ನೌಕರರ ನಿವೃತ್ತಿ ಸಮಾರಂಭ, ಮುಖಂಡರ ಜನ್ಮದಿನ ಎಲ್ಲದಕ್ಕೂ ಈಗ ಎರಡು-ಮೂರು ಸ್ಟೆಪ್‌ನ ಕೇಕ್ ಬರುತ್ತಿದೆ. ಹಾವೇರಿ, ರಾಣೆಬೆನ್ನೂರು ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಲ್ಲಿವೆ. ಬ್ಯಾಡಗಿಗೆ ಮೋಟೆಬೆನ್ನೂರಿನ ಬಳಿ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಈ ಭಾಗದಲ್ಲಿ ಕೇಕ್ ಕೆಡುವುದು ಅದರ ಸ್ವಂತ ಭಾರದಿಂದ ಕಡಿಮೆ, ರಸ್ತೆಯಿಂದ ಮತ್ತು ಬಿಸಿಲಿನಿಂದ ಹೆಚ್ಚು. ಹಾಗಾಗಿ ಎಷ್ಟು ಕೆ.ಜಿ. ಎಂದು ಕೇಳುವ ಮೊದಲು ಯಾವ ಊರಿಗೆ, ಎಷ್ಟು ಹೊತ್ತಿಗೆ, ಯಾವ ಗಾಡಿಯಲ್ಲಿ ಎಂದು ಕೇಳಿದರೆ ಸಾಮಗ್ರಿಯ ಆಯ್ಕೆ ಅರ್ಧ ಮುಗಿದಂತೆ.

ಹಿನ್ನೆಲೆ

ಅಂತಸ್ತಿನ ಕೇಕ್ ಇಂಗ್ಲೆಂಡಿನ ಮದುವೆಗಳಿಂದ ಬಂದದ್ದು. ಲಂಡನ್ನಿನ ಸೇಂಟ್ ಬ್ರೈಡ್ಸ್ ಚರ್ಚಿನ ಮೆಟ್ಟಿಲು ಮೆಟ್ಟಿಲಾದ ಶಿಖರವನ್ನು ನೋಡಿ 18ನೇ ಶತಮಾನದಲ್ಲಿ ಅಲ್ಲಿನ ಮಿಠಾಯಿಗಾರನೊಬ್ಬ ಇಂಥ ಕೇಕ್ ಮಾಡಿದ ಎಂಬ ಕಥೆ ಜನಪ್ರಿಯ. ಅದನ್ನು ಕಥೆಯೆಂದೇ ಇಟ್ಟುಕೊಳ್ಳುವುದು ಲೇಸು. 1858ರ ರಾಜಮನೆತನದ ಮದುವೆಯಲ್ಲಿ ತಳದ ಅಂತಸ್ತು ಮಾತ್ರ ಕೇಕ್ ಆಗಿತ್ತು, ಮೇಲಿನದೆಲ್ಲ ಬರೀ ಸಕ್ಕರೆ. ಎಲ್ಲ ಅಂತಸ್ತೂ ತಿನ್ನುವ ಕೇಕೇ ಆಗಿದ್ದು 1882ರಲ್ಲಿ, ರಾಜಕುಮಾರ ಲಿಯೋಪೋಲ್ಡ್‌ನ ಮದುವೆಯಲ್ಲಿ. ಆ ಕೇಕ್‌ಗಳ ಮೇಲಿದ್ದ ರಾಯಲ್ ಐಸಿಂಗ್ ಒಣಗಿದರೆ ಸುಣ್ಣದ ಗಾರೆಯಂತೆ ಗಟ್ಟಿಯಾಗುತ್ತಿತ್ತು, ಒಳಗಿನ ಹಣ್ಣಿನ ಕೇಕೂ ಇಟ್ಟಿಗೆಯಷ್ಟು ಬಿಗಿ. ಅರ್ಧ ಭಾರವನ್ನು ಕೇಕೇ ಹೊರುತ್ತಿತ್ತು.

ಕರ್ನಾಟಕದ ಬೇಕರಿ ಪರಂಪರೆಗೆ ಈ ಕಟ್ಟೋಣದ ಚಿಂತೆ ಇರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ರಾಜ್ಯದ ತುಂಬ ಹಬ್ಬಿದ ಅಯ್ಯಂಗಾರ್ ಬೇಕರಿಗಳಲ್ಲಿ ಕೇಕ್ ಎಂದರೆ ತಟ್ಟೆಯಲ್ಲಿ ಬೇಯಿಸಿ ತುಂಡು ಮಾಡಿ ಗಾಜಿನ ಕಪಾಟಿನಲ್ಲಿ ಇಡುವ ವಸ್ತು. ಬೆಂಗಳೂರಿನಲ್ಲಿ 1970ರ ದಶಕದಿಂದ ಪ್ರತಿ ಡಿಸೆಂಬರ್‌ನಲ್ಲಿ ನಡೆದುಬಂದಿರುವ ಕೇಕ್ ಪ್ರದರ್ಶನದಲ್ಲಿ ಆಳೆತ್ತರದ ಗೋಪುರ, ಅರಮನೆಗಳು ನಿಲ್ಲುವುದುಂಟು. ಆದರೆ ಅವು ಸಕ್ಕರೆಯ ಮಾದರಿಗಳು, ಎಲ್ಲಿ ನಿಂತಿವೆಯೋ ಅಲ್ಲೇ ನೋಡಿ ಬರಬೇಕಾದಂಥವು. ವಿಪ್ಪಿಂಗ್ ಕ್ರೀಮ್ ಹಚ್ಚಿದ ಕೂಲ್ ಕೇಕನ್ನು ಅಂತಸ್ತಾಗಿ ಕಟ್ಟಿ ಇಪ್ಪತ್ತು-ಮೂವತ್ತು ಕಿಲೋಮೀಟರ್ ಸಾಗಿಸುವ ಕೆಲಸಕ್ಕೆ ಅಲ್ಲಿಂದ ಕಲಿಯುವುದು ಹೆಚ್ಚೇನಿಲ್ಲ.

ಭಾರ ಇಳಿಯುವ ದಾರಿ

ಸ್ಟೆಪ್ ಕೇಕ್‌ನ ಮೂಲ ಸೂತ್ರ ಸರಳ. ಮೇಲಿನ ಕೇಕ್‌ನ ಭಾರ ಕೆಳಗಿನ ಕೇಕ್‌ಗೆ ತಾಕಬಾರದು. ಅದು ತನ್ನ ತಳದ ಬೋರ್ಡಿಗೆ, ಬೋರ್ಡಿನಿಂದ ಕಡ್ಡಿಗಳಿಗೆ, ಕಡ್ಡಿಗಳಿಂದ ಎಲ್ಲಕ್ಕೂ ಕೆಳಗಿನ ಬೋರ್ಡಿಗೆ ಇಳಿಯಬೇಕು. ಕೆಳಗಿನ ಕೇಕ್ ಆ ಕಡ್ಡಿಗಳ ಸುತ್ತ ಸುಮ್ಮನೆ ಕೂತಿರುತ್ತದೆ.

ಇದು ಅತಿ ಎಚ್ಚರಿಕೆ ಅನ್ನಿಸಬಹುದು. 1 ಕೆ.ಜಿ. ಕೇಕ್ 7 ಇಂಚಿನ ಬೋರ್ಡಿನ ಮೇಲೆ ಹರಡಿ ಕೂತರೆ ಚದರ ಸೆಂಟಿಮೀಟರಿಗೆ ಬೀಳುವ ಭಾರ ಸುಮಾರು 4 ಗ್ರಾಂ ಮಾತ್ರ. ಅಷ್ಟಕ್ಕೆ ಸ್ಪಂಜು ಆ ಕ್ಷಣಕ್ಕೆ ಜಗ್ಗುವುದಿಲ್ಲ. ಬೇಕರಿಯಲ್ಲಿ ನೋಡಿದಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಎರಡು ಗಂಟೆ ಹೊರಗಿಟ್ಟ ಮೇಲೆ ಸ್ಪಂಜಿನ ಪದರಗಳ ನಡುವಿನ ಕ್ರೀಮ್ ಸಡಿಲಾಗಿ ಹೊರಕ್ಕೆ ಹಿಂಡಿಕೊಳ್ಳುತ್ತದೆ. ಕೆಳಗಿನ ಕೇಕ್‌ನ ನಡುವಿಗೆ ಹೊಟ್ಟೆ ಬರುತ್ತದೆ, ಮೇಲಿನದು ಒಂದು ಕಡೆಗೆ ಓಲುತ್ತದೆ.

ಈ ಭಾಗದಲ್ಲಿ ಎಗ್‌ಲೆಸ್ ಕೇಕ್‌ಗೆ ಬೇಡಿಕೆ ಹೆಚ್ಚು. ಲಿಂಗಾಯತ, ಬ್ರಾಹ್ಮಣ, ಜೈನ ಮನೆಗಳ ಕಾರ್ಯಕ್ಕೆ ಮೊಟ್ಟೆ ಹಾಕಿದ್ದು ನಡೆಯುವುದಿಲ್ಲ. ಮೊಟ್ಟೆಯ ಬಿಳಿಭಾಗ ಕೊಡುವ ಬಿಗಿ ಹಂದರ ಎಗ್‌ಲೆಸ್ ಸ್ಪಂಜಿಗೆ ಇರದ ಕಾರಣ ಅದು ಮೆದು, ಬೇಗ ಉದುರುವಂಥದ್ದು. ಮೇಲಿಂದ ಹಚ್ಚುವುದು ಸಸ್ಯಜನ್ಯ ಕೊಬ್ಬಿನ ವಿಪ್ಪಿಂಗ್ ಕ್ರೀಮ್. ಬಟರ್‌ಕ್ರೀಮ್ ಫ್ರಿಜ್ಜಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೇಕ್‌ಗೆ ಕವಚವಾಗುತ್ತದೆ; ವಿಪ್ಪಿಂಗ್ ಕ್ರೀಮ್‌ಗೆ ಆ ಗುಣ ಇಲ್ಲ. ಹೊರದೇಶದ ಪುಸ್ತಕ, ವಿಡಿಯೊಗಳಲ್ಲಿ ಹೇಳುವ ಕಡ್ಡಿಗಳ ಲೆಕ್ಕ ಬಹುಪಾಲು ಬಟರ್‌ಕ್ರೀಮ್ ಕೇಕ್‌ಗೆ ಹೇಳಿದ್ದು. ಎಗ್‌ಲೆಸ್ ಕೂಲ್ ಕೇಕ್‌ಗೆ ಅದಕ್ಕಿಂತ ಒಂದೆರಡು ಕಡ್ಡಿ ಹೆಚ್ಚು ಹಾಕಿದರೆ ನಷ್ಟವೇನೂ ಇಲ್ಲ.

ಬೋರ್ಡು, ಕಡ್ಡಿ, ನಡುಗೋಲು

ಬೋರ್ಡಿನಲ್ಲಿ ಎರಡು ಬಗೆ ನೆನಪಿಟ್ಟರೆ ಸಾಕು. ಪ್ರತಿ ಅಂತಸ್ತಿನ ಅಡಿಯಲ್ಲಿ ಆ ಕೇಕ್‌ನಷ್ಟೇ ಅಗಲದ ಅಥವಾ ಕೂದಲೆಳೆ ಚಿಕ್ಕದಾದ ತೆಳು ಬೋರ್ಡು. ಎಲ್ಲಕ್ಕೂ ಕೆಳಗೆ ತಳದ ಕೇಕ್‌ಗಿಂತ ಮೂರು-ನಾಲ್ಕು ಇಂಚು ದೊಡ್ಡದಾದ ದಪ್ಪ ಬೋರ್ಡು. ಅಂಗಡಿಯಲ್ಲಿ ಸಿಗುವ ಬಂಗಾರದ ಬಣ್ಣದ ತೆಳು ರಟ್ಟು 1 ಕೆ.ಜಿ.ಗೆ ಸರಿ. ಅದನ್ನೇ 3 ಕೆ.ಜಿ. ಕೇಕ್‌ನ ತಳಕ್ಕೆ ಕೊಟ್ಟರೆ ಎರಡೂ ಕೈಯಿಂದ ಎತ್ತುವಾಗ ನಡುವೆ ಬಾಗಿ ಕ್ರೀಮ್ ಸೀಳುತ್ತದೆ. 6 ಮಿಲಿಮೀಟರ್‌ನ ಎಂಡಿಎಫ್ ಹಲಗೆಗೆ ಮೇಲೆ ಫಾಯಿಲ್ ಸುತ್ತಿದರೆ ಎರಡು ಸ್ಟೆಪ್ಪಿಗೆ ಧಾರಾಳ. ಮೂರಾದರೆ 10–12 ಮಿಲಿಮೀಟರ್ ಬೇಕು. ಎಂಡಿಎಫ್ ಸಿಗದಿದ್ದರೆ ಎರಡು ಸುಕ್ಕುರಟ್ಟುಗಳನ್ನು ಅಂಟಿಸಬಹುದು, ಆದರೆ ಒಂದರ ಸುಕ್ಕಿನ ಗೆರೆ ಇನ್ನೊಂದರ ಗೆರೆಗೆ ಅಡ್ಡ ಬರಬೇಕು. ಎರಡೂ ಒಂದೇ ದಿಕ್ಕಿಗಿದ್ದರೆ ಎರಡೂ ಒಟ್ಟಿಗೆ ಆ ಗೆರೆಗುಂಟ ಮಡಚಿಕೊಳ್ಳುತ್ತವೆ.

ಆಧಾರ ಕಡ್ಡಿಗೆ ಹಿಂದೆ ದಪ್ಪ ಪ್ಲಾಸ್ಟಿಕ್ ಸ್ಟ್ರಾ ಬಳಸುತ್ತಿದ್ದರು; ಈಗ ಬಳಸುವುದು ಬಿದಿರಿನ ಕಡ್ಡಿ, 6 ಮಿಲಿಮೀಟರ್ ಅಡ್ಡಳತೆಯ ಮರದ ಡವೆಲ್, ಇಲ್ಲವೆ ಆಹಾರಕ್ಕೆಂದೇ ಮಾಡಿದ ಟೊಳ್ಳು ಪ್ಲಾಸ್ಟಿಕ್ ಕೊಳವೆ. ಕಬಾಬಿನ ತೆಳು ಬಿದಿರುಕಡ್ಡಿಗೆ ಶಕ್ತಿ ಇದ್ದರೂ ತುದಿ ಸಣ್ಣದಾದ್ದರಿಂದ ಮೇಲಿನ ರಟ್ಟನ್ನು ಚುಚ್ಚಿಕೊಂಡು ಹೋಗುವ ಭಯ ಇದೆ. ಬಡಿಗರ ಅಂಗಡಿಯ ಪಾಲಿಶ್ ಹಚ್ಚಿದ ಕೋಲು ಬೇಡವೇ ಬೇಡ. ಕೊಳವೆ ಎಲ್ಲದರಲ್ಲಿ ಒಳ್ಳೆಯದು: ಟೊಳ್ಳಾದ್ದರಿಂದ ಕೇಕನ್ನು ಸೀಳದೆ ಇಳಿಯುತ್ತದೆ, ತುದಿ ಅಗಲವಾದ್ದರಿಂದ ಬೋರ್ಡಿಗೆ ಚೆನ್ನಾಗಿ ಆನಿಕೊಳ್ಳುತ್ತದೆ, ತೊಳೆದು ಮತ್ತೆ ಬಳಸಬಹುದು.

ಮೇಲೆ 6 ಇಂಚಿನ ಕೇಕ್ ಬಂದರೆ ನಾಲ್ಕೈದು ಕಡ್ಡಿ, 8 ಇಂಚಿಗೆ ಆರು, 10 ಇಂಚಿಗೆ ಎಂಟು ಎನ್ನುವುದು ನಡೆದುಬಂದ ಅಂದಾಜು. ಮೇಲಿನ ಬೋರ್ಡಿನ ಗಾತ್ರದ ವೃತ್ತವನ್ನು ಕೆಳಗಿನ ಕೇಕ್ ಮೇಲೆ ನವಿರಾಗಿ ಗುರುತು ಹಾಕಿ, ಅಂಚಿನಿಂದ ಒಂದು ಇಂಚು ಒಳಗೆ ಸುತ್ತಲೂ ನೆಟ್ಟು, ನಡುವೆ ಒಂದು ಹಾಕುತ್ತಾರೆ. ಹೊಸಬರು ಎಡವುವುದು ಇಲ್ಲಲ್ಲ, ಕತ್ತರಿಸುವಲ್ಲಿ. ಒಂದೊಂದು ಕಡ್ಡಿಯನ್ನೂ ಅದು ನಿಂತ ಜಾಗದ ಕ್ರೀಮ್ ಮಟ್ಟಕ್ಕೆ ಕತ್ತರಿಸಿದರೆ ಕೇಕ್‌ನ ಉಬ್ಬುತಗ್ಗೆಲ್ಲ ಕಡ್ಡಿಗಳಿಗೂ ಬಂದು ಮೇಲಿನ ಅಂತಸ್ತು ವಾಲುತ್ತದೆ. ಕೇಕ್ ಅತಿ ಎತ್ತರವಾಗಿರುವ ಕಡೆ ಒಂದು ಕಡ್ಡಿ ಇಳಿಸಿ, ಗುರುತು ಮಾಡಿ, ತೆಗೆದು, ಉಳಿದೆಲ್ಲವನ್ನೂ ಅದರ ಅಳತೆಗೇ ಕತ್ತರಿಸಬೇಕು. ಎಲ್ಲೋ ಒಂದು ಕಡೆ ಸಣ್ಣ ಸಂದು ಕಂಡರೆ ಕ್ರೀಮ್‌ನಿಂದ ಮುಚ್ಚಿದರಾಯಿತು.

ಇಷ್ಟೆಲ್ಲ ಮಾಡಿದರೂ ಈ ಕಡ್ಡಿಗಳು ತಡೆಯುವುದು ಕೆಳಮುಖ ಭಾರವನ್ನು ಮಾತ್ರ. ಪಕ್ಕದಿಂದ ತಳ್ಳಿದರೆ ಅಡ್ಡಗೋಲು ಕಟ್ಟದ ಚಪ್ಪರದ ಕಂಬಗಳಂತೆ ಎಲ್ಲವೂ ಒಟ್ಟಿಗೆ ಒಂದೇ ಕಡೆಗೆ ಒರಗುತ್ತವೆ. ಅದಕ್ಕಾಗಿ ನಡುಗೋಲು. 6–8 ಮಿಲಿಮೀಟರ್ ದಪ್ಪದ ಒಂದೇ ಉದ್ದ ಕೋಲನ್ನು ತುದಿ ಚೂಪು ಮಾಡಿ ಮೇಲಿನಿಂದ ಎಲ್ಲ ಅಂತಸ್ತುಗಳ ರಟ್ಟನ್ನೂ ತೂರಿಸಿ ತಳದವರೆಗೆ ಇಳಿಸುತ್ತಾರೆ. ನಡುವಿನ ಬೋರ್ಡು ಎಂಡಿಎಫ್ ಆಗಿದ್ದರೆ ಕೇಕ್ ಇಡುವ ಮೊದಲೇ ತೂತು ಕೊರೆದಿರಬೇಕು. ಇನ್ನೂ ಭದ್ರವಾದದ್ದು ತಳದ ಹಲಗೆಗೇ ನಟ್ಟು-ವಾಶರ್ ಹಾಕಿ ಬಿಗಿದ, ತಿರುಪಿನ ಗೆರೆ ಇರುವ ಸರಳು. ಅದರ ಮೇಲೆ ಆಹಾರ ದರ್ಜೆಯ ಕೊಳವೆ ತೊಡಿಸಿ ಅಂತಸ್ತುಗಳನ್ನು ಒಂದೊಂದಾಗಿ ಪೋಣಿಸುತ್ತಾರೆ. ಮೂರು ಸ್ಟೆಪ್ ಕಟ್ಟಿಯೇ ಊರಿಂದೂರಿಗೆ ಒಯ್ಯುವುದಾದರೆ ಇದಕ್ಕಿಂತ ಕಡಿಮೆಯದನ್ನು ನಂಬುವುದು ಧೈರ್ಯವಲ್ಲ, ಜೂಜು.

ಹಳೆಯ ಕಬ್ಬಿಣದ ಸ್ಟೆಪ್ ಸ್ಟ್ಯಾಂಡನ್ನು ಈಗ ಫ್ಯಾಷನ್ ಅಲ್ಲವೆಂದು ಮೂಲೆಗೆ ಹಾಕಿದ್ದಾರೆ. ಒಂದೊಂದು ಕೇಕೂ ತನ್ನದೇ ತಟ್ಟೆಯ ಮೇಲೆ ಕೂರುವ ಈ ಸ್ಟ್ಯಾಂಡಿಗೆ ಕಡ್ಡಿಯೂ ಬೇಡ, ನಡುಗೋಲೂ ಬೇಡ. ಕೇಕ್‌ಗಳು ಬೇರೆ ಬೇರೆ ಡಬ್ಬಿಯಲ್ಲಿ ಹೋಗಿ ವೇದಿಕೆಯ ಮೇಲೆ ಒಂದಾಗುತ್ತವೆ. ಮೇ ತಿಂಗಳ ಮಧ್ಯಾಹ್ನ ಹಳ್ಳಿಯ ಮನೆಯಂಗಳದ ಪೆಂಡಾಲಿಗೆ ಕೊಡಬೇಕಾದ ಕೇಕ್‌ಗೆ ಇದರಷ್ಟು ನಿಶ್ಚಿಂತೆಯ ಸಾಮಗ್ರಿ ಬೇರೆ ಇಲ್ಲ.

ಸಾಗಣೆ

ಗಂಟೆಗೆ 40 ಕಿ.ಮೀ. ವೇಗದ ಗಾಡಿ ನಾಲ್ಕು ಸೆಕೆಂಡಿನಲ್ಲಿ ನಿಂತರೆ ಒಳಗಿನ ವಸ್ತುವಿನ ಮೇಲೆ ಅದರ ತೂಕದ ಶೇ. 28ರಷ್ಟು ಬಲ ಮುಂದಕ್ಕೆ ಬೀಳುತ್ತದೆ. ಮೇಲಿನ ಎರಡು ಅಂತಸ್ತು ಸೇರಿ 3 ಕೆ.ಜಿ. ಇದ್ದರೆ ಸುಮಾರು 850 ಗ್ರಾಂ ತಳ್ಳು. ಎಮ್ಮೆ ಅಡ್ಡ ಬಂದು ಗಕ್ಕನೆ ಬ್ರೇಕ್ ಒತ್ತಿದರೆ ಅದು 2 ಕೆ.ಜಿ. ಮುಟ್ಟುತ್ತದೆ. ಹೆದ್ದಾರಿಯಲ್ಲಿ ಹಾವೇರಿಯಿಂದ ರಾಣೆಬೆನ್ನೂರಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಕೇಕ್ ಅಲುಗದೆ ಹೋಗುವುದು ಕಷ್ಟವಲ್ಲ. ತೊಂದರೆ ಶುರುವಾಗುವುದು ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೆ ಇಳಿದ ಮೇಲೆ, ಬಣ್ಣ ಬಳಿಯದ ಹಂಪ್‌ಗಳು ಎದುರಾದಾಗ.

ಪೆಟ್ಟಿಗೆಯ ಒಳ ಅಳತೆ ತಳದ ಬೋರ್ಡಿನಷ್ಟೇ ಇರಬೇಕು. ಬೋರ್ಡಿನ ನಾಲ್ಕೂ ಕಡೆ ಪೆಟ್ಟಿಗೆಯ ಗೋಡೆಗೆ ತಾಗಿದ್ದರೆ ಕೇಕ್ ಜಾರಲು ಜಾಗವೇ ಇರುವುದಿಲ್ಲ. ಎತ್ತರ ಕೇಕ್‌ಗಿಂತ ಎರಡು ಇಂಚು ಹೆಚ್ಚು. ಕಾರಿನ ಹಿಂದಿನ ಸೀಟು ಹಿಂದಕ್ಕೆ ಇಳಿಜಾರಾಗಿರುವುದರಿಂದ ಅಲ್ಲಿ ಇಡುವುದು ತಪ್ಪು; ತೊಡೆಯ ಮೇಲೆ ಇಟ್ಟುಕೊಳ್ಳುವುದು ಇನ್ನೂ ತಪ್ಪು, ಏಕೆಂದರೆ ಮೈಯ ಕಾವು ತಳದಿಂದ ಏರುತ್ತದೆ. ಸೀಟು ಮಡಚಿದ ಓಮ್ನಿ ಅಥವಾ ಡಿಕ್ಕಿಯ ಸಮತಟ್ಟು ನೆಲದ ಮೇಲೆ ಜಾರದ ರಬ್ಬರ್ ಮ್ಯಾಟ್ ಹಾಸಿ ಇಡಬೇಕು. ಟಾಟಾ ಏಸ್‌ನ ಹಿಂಬದಿ ಖಾಲಿ ಇದ್ದಾಗ ಸ್ಪ್ರಿಂಗ್ ಗಟ್ಟಿಯಾಗಿ ಪ್ರತಿ ಗುಂಡಿಗೂ ನೆಗೆಯುತ್ತದೆ. ಬೈಕ್‌ಗೆ ಒಂದೇ ಅಂತಸ್ತಿನ ಕೇಕ್ ಸಾಕು.

ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲು 35 ಡಿಗ್ರಿ ದಾಟುವ ಊರುಗಳಿವು. ಮದುವೆಯ ಸುಗ್ಗಿಯೂ ಅದೇ. ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದ ಕೇಕ್‌ನ ಒಳಗಿನ ತಂಪೇ ದಾರಿಯುದ್ದಕ್ಕೂ ಅದನ್ನು ಕಾಯುವುದು. ತಂಪು ಇಳಿಯುವ ಮೊದಲೇ ತಲುಪುವಂತೆ ಹೊರಡುವ ಹೊತ್ತನ್ನು ಹೊಂದಿಸಬೇಕೇ ಹೊರತು ಕಡ್ಡಿ ಹೆಚ್ಚಿಸಿ ಬಿಸಿಲನ್ನು ಗೆಲ್ಲಲಾಗದು.

ಬ್ಯಾಡಗಿಯದೇ ಬೇರೆ ಲೆಕ್ಕ. ಜನವರಿಯಿಂದ ಏಪ್ರಿಲ್‌ವರೆಗೆ ಮೆಣಸಿನಕಾಯಿ ಮಾರುಕಟ್ಟೆ ಭರ್ತಿ ನಡೆಯುವಾಗ ವಹಿವಾಟಿನ ದಿನಗಳಾದ ಸೋಮವಾರ, ಗುರುವಾರ ಲಕ್ಷಗಟ್ಟಲೆ ಚೀಲ ಬಂದಿಳಿಯುವುದುಂಟು. ಲಾರಿ, ಟ್ರ್ಯಾಕ್ಟರ್‌ಗಳ ಸಾಲಿನಲ್ಲಿ ಸಿಕ್ಕ ಗಾಡಿಗೆ ಹತ್ತು ನಿಮಿಷದ ದಾರಿ ಒಂದು ಗಂಟೆಯಾದೀತು. ಕೊಬ್ಬಿನ ಪದಾರ್ಥ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ, ಘಾಟು ತುಂಬಿದ ಗಾಳಿಗೆ ತೆರೆದಿಟ್ಟ ಕ್ರೀಮ್‌ಗೂ ಅದು ತಪ್ಪಿದ್ದಲ್ಲ. ಆ ದಿನಗಳಲ್ಲಿ ಮುಂಭಾಗಕ್ಕೆ ಪಾರದರ್ಶಕ ಹಾಳೆ ಇರುವ, ಎಲ್ಲ ಅಂಚಿಗೂ ಟೇಪ್ ಹಚ್ಚಿದ ಪೆಟ್ಟಿಗೆಯೇ ಬೇಕು. ಅಂತಸ್ತುಗಳನ್ನು ಬಿಡಿಯಾಗಿ ಒಯ್ದು ಅಲ್ಲೇ ಕಟ್ಟುವುದು ಅದಕ್ಕಿಂತ ಉತ್ತಮ.

ನಿಯಮ

ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳಲ್ಲಿ ಪ್ಲಾಸ್ಟಿಕ್ ಸ್ಟ್ರಾ, ಅಲಂಕಾರದ ಥರ್ಮಕೋಲ್, ಮಿಠಾಯಿ ಡಬ್ಬಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಗಳೂ ಸೇರಿವೆ. ಸ್ಟ್ರಾವನ್ನೇ ಆಧಾರವಾಗಿ ನೆಚ್ಚಿದ್ದವರಿಗೆ ಇದು ನೇರ ಪೆಟ್ಟು. ಕಾಗದದ ಸ್ಟ್ರಾ ಅದರ ಜಾಗ ತುಂಬುವುದಿಲ್ಲ. ಕೇಕ್‌ನ ತೇವಕ್ಕೆ ನೆನೆದು ಮೆತ್ತಗಾಗುತ್ತದೆ. ಮೇಲಿನ ಅಂತಸ್ತನ್ನು ಥರ್ಮಕೋಲ್ ಡಮ್ಮಿ ಮಾಡಿ ಹಗುರಾಗಿಸುವ ರೂಢಿಗೂ ಬೇರೆ ದಾರಿ ಹುಡುಕಬೇಕು. ಆಹಾರ ಪ್ಯಾಕಿಂಗ್ ಕುರಿತ 2018ರ ನಿಯಮಗಳು ತಿನಿಸಿಗೆ ಸುದ್ದಿಪತ್ರಿಕೆ ಸುತ್ತುವುದನ್ನು ನಿಷೇಧಿಸಿವೆ. ರಟ್ಟಿನ ಮೇಲೆ ಹಳೆಯ ಪೇಪರ್ ಅಂಟಿಸಿ ಬೋರ್ಡು ಮಾಡುವವರು ಇದನ್ನು ಗಮನಿಸಬೇಕು.

ಮಂಟಪದಲ್ಲಿ

ಕಟ್ಟುವವರು ಬಿಡಿ ಕಡ್ಡಿ, ಕತ್ತರಿ, ಒಂದು ಪೈಪಿಂಗ್ ಚೀಲ ಕ್ರೀಮ್, ಪ್ಯಾಲೆಟ್ ಚಾಕು, ಗೌಂಡಿಗಳು ಬಳಸುವ ಸ್ಪಿರಿಟ್ ಲೆವೆಲ್ ಜತೆಗೊಯ್ಯುತ್ತಾರೆ. ಕಲ್ಯಾಣ ಮಂಟಪದ ಮಡಚುವ ಟೇಬಲ್ಲಿಗೆ ಒಂದು ಕಾಲು ಗಿಡ್ಡ ಇರುವುದು ಸಾಮಾನ್ಯ. ಬಟ್ಟೆ ಹಾಸುವ ಮುಂಚೆಯೇ ಲೆವೆಲ್ ಇಟ್ಟು ನೋಡಿ, ರಟ್ಟು ಮಡಚಿ ಕಾಲಡಿ ಕೊಡಬೇಕು. ವೇದಿಕೆಯ ಫೋಕಸ್ ದೀಪದ ನೇರಕ್ಕೆ ಟೇಬಲ್ ಬರಬಾರದು. ಕತ್ತರಿಸುವಾಗ ಮೇಲಿನ ಅಂತಸ್ತನ್ನು ಬೋರ್ಡಿನ ಸಮೇತ ಎತ್ತಿ ಕೆಳಗಿಟ್ಟು, ಕಡ್ಡಿಗಳನ್ನು ಎಣಿಸಿ ತೆಗೆದ ಮೇಲೆಯೇ ಕೆಳಗಿನದಕ್ಕೆ ಚಾಕು ಹಾಕಬೇಕು. ಹಾಕಿದ ಕಡ್ಡಿಗಳ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದು ಮನೆಯವರ ಕೈಗೆ ಕೊಡುವುದು ಒಳ್ಳೆಯ ರೂಢಿ. ಮಕ್ಕಳ ತಟ್ಟೆಗೆ ಹೋಗಬಹುದಾದ ಹಲ್ಲುಕಡ್ಡಿಯನ್ನು ಮಾತ್ರ ಯಾವ ಕೇಕ್‌ನಲ್ಲೂ ಆಧಾರಕ್ಕೆ ಬಳಸಕೂಡದು. ಸ್ಟ್ಯಾಂಡು, ಕೊಳವೆ, ಸರಳು ಹಾಕಿದ ಹಲಗೆಗಳಿಗೆ ಡಿಪಾಜಿಟ್ ಹಿಡಿದು, ವಾಪಸು ತಂದಾಗ ಹಣ ಮರಳಿಸಿದರೆ ಸಾಮಗ್ರಿಯೂ ಉಳಿಯುತ್ತದೆ, ಮುಂದಿನ ಕೇಕ್‌ನ ದರವೂ ಇಳಿಯುತ್ತದೆ.