ಏತದ ಮೇಲೆ ಕೂತ ಕೊಕ್ಕರೆ

ಸ್ಪೇನಿನ ಮೆಕ್ಯಾನಿಕ್ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿಗೆ ‘ಸಿಗ್ವೆನ್ಯಾಲ್’ ಎನ್ನುತ್ತಾನೆ. ಆ ಮಾತಿನೊಳಗೆ ಒಂದು ಕೊಕ್ಕರೆ ಅಡಗಿದೆ. ಅವನ ಭಾಷೆಯಲ್ಲಿ ‘ಸಿಗ್ವೆನ್ಯಾ’ ಎಂದರೆ ಕೊಕ್ಕರೆಯೇ. ಎಣ್ಣೆಯಲ್ಲಿ ತೊಯ್ದ ಕಬ್ಬಿಣಕ್ಕೂ ಹಕ್ಕಿಗೂ ಎತ್ತಣಿಂದೆತ್ತ ಸಂಬಂಧ? ಅದನ್ನು ಹುಡುಕಹೊರಟರೆ ಕೋಲಾರ ಸೀಮೆಯ ಬಾವಿದಂಡೆಗೂ ಬಂದು ಮುಟ್ಟುತ್ತೇವೆ.

ವರ್ಷವಿಡೀ ಹರಿಯುವ ಹೊಳೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಗಿಲ್ಲ. ಪಾಲಾರ್ ಹೆಸರಿಗೆ ನದಿ. ಹಾಗಾಗಿ ಇಲ್ಲಿ ಕೆರೆಗಳು, ಕೆರೆ ಬತ್ತಿದರೆ ಬಾವಿಗಳು. ಆಳದ ಬಾವಿಗೆ ಕಪಿಲೆ: ಇಳಿಜಾರಿನಲ್ಲಿ ಎತ್ತುಗಳು ನಡೆದಂತೆ ತೊಗಲಿನ ಚೀಲ ಮೇಲೇರುತ್ತಿತ್ತು. ನೀರು ಮೇಲೇ ಇದ್ದರೆ ಏತ, ಆಡುಮಾತಿನಲ್ಲಿ ಯಾತ. ನೆಟ್ಟ ಕಂಬದ ಮೇಲೆ ಉದ್ದನೆಯ ಅಡ್ಡಮರ, ಅದರ ತುದಿಗೆ ನೀರಿನ ಪಾತ್ರೆ. ಒಬ್ಬ ಆ ಮರದ ಮೇಲೆಯೇ ಹಿಂದೆ ಮುಂದೆ ನಡೆದು ತುಳಿಯಬೇಕು, ಇನ್ನೊಬ್ಬ ಕೆಳಗೆ ನಿಂತು ನೀರು ಸುರಿಯಬೇಕು. ಕಾಲು ಜಾರಿದರೆ ಬಾವಿಗೇ ಬಿದ್ದ!

1800ರಲ್ಲಿ ಮದರಾಸಿನಿಂದ ಹೊರಟು ಬೇತಮಂಗಲದ ದಾರಿಯಾಗಿ ಬೆಂಗಳೂರು ಸೇರಿದ ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸ ಗ್ರಂಥದಲ್ಲಿ ಕಪಿಲೆ, ಯಾತ ಎರಡನ್ನೂ ಹೆಸರಿಸಿದ್ದಾನೆ. ಗ್ರಂಥ ಅಚ್ಚಾದದ್ದು 1807ರಲ್ಲಿ. ದಕ್ಷಿಣ ಭಾರತದಲ್ಲಿದ್ದ ಇಂಗ್ಲಿಷರು ಮಾತ್ರ ಏತವನ್ನು ‘ಪಿಕೋಟಾ’ ಎಂದರು. ಆ ಪದ ಇಂಗ್ಲಿಷಿನದೂ ಅಲ್ಲ, ನಮ್ಮದೂ ಅಲ್ಲ. 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಅದರ ಬೇರನ್ನು ಪೋರ್ಚುಗೀಸ್ ಹಡಗಿನಲ್ಲಿ ತೋರಿಸುತ್ತದೆ. ಹಡಗಿನ ತಳದ ನೀರು ಎತ್ತುವ ಪಂಪಿನ ಹಿಡಿಗೆ ನಾವಿಕರು ಇಟ್ಟ ಹೆಸರದು. ಕಡಲ ಮೇಲಿನ ಪದ, ಕಡಲೇ ಕಾಣದ ರೈತನ ಏತದ ಮೇಲೆ ಬಂದು ಕೂತಿತು. ಪೋರ್ಚುಗೀಸಿನಲ್ಲಿ ‘ಪಿಕೋಟಾ’ ಎಂದರೆ ಅಪರಾಧಿಗಳನ್ನು ಕಟ್ಟುವ ಕಂಬವೂ ಹೌದು. ಬಿಸಿಲಲ್ಲಿ ದಿನವಿಡೀ ಏತ ತುಳಿದವನು ಕೇಳಿದ್ದರೆ ಒಪ್ಪಿ ತಲೆಯಾಡಿಸುತ್ತಿದ್ದನೋ ಏನೋ.

ಯುರೋಪಿನವರ ಕಣ್ಣಿಗೆ ಇದೇ ಸಾಧನ ಹಕ್ಕಿಯಾಗಿ ಕಂಡಿತ್ತು. ಸ್ಪೇನಿನವರು ಏತಕ್ಕೆ ಕೊಕ್ಕರೆ ಎನ್ನುತ್ತಾರೆ, ಆ ಹಕ್ಕಿಯ ಹಾಗೆ ಕೊಕ್ಕನ್ನು ನೀರಿಗಿಳಿಸಿ ಎತ್ತುತ್ತದಲ್ಲ ಎಂದು 7ನೇ ಶತಮಾನದಲ್ಲೇ ಸೆವಿಲ್ಲೆಯ ಬಿಷಪ್ ಇಸಿದೋರ್ ಬರೆದಿಟ್ಟ. ಕೊಕ್ಕರೆಯ ಕತ್ತಿನಂತೆ ಬಾಗಿದ ತಿರುಗುಹಿಡಿಗೂ ಅದೇ ಹೆಸರಾಯಿತು, ಮುಂದೆ ಎಂಜಿನ್ನಿನೊಳಗೂ ನುಗ್ಗಿತು. ಹಂಗೇರಿಯಲ್ಲಿ ಏತದ ಬಾವಿ ‘ಬಕಪಕ್ಷಿಯ ಬಾವಿ’. ರಷ್ಯನ್ನರಿಗೆ ಕ್ರೌಂಚ, ಏತ ಎರಡೂ ‘ಝುರಾವ್ಲ್’. ಭಾರ ಎತ್ತುವ ಕ್ರೇನ್ ಕೂಡ ಹಕ್ಕಿಯೇ. ಫ್ರೆಂಚಿನ ‘ಗ್ರೂ’, ಜರ್ಮನ್ನಿನ ‘ಕ್ರಾನ್’ ಎರಡರ ಹಿಂದೆಯೂ ಅದೇ ಉದ್ದಕತ್ತು.

ಕೆರೆಯಂಗಳದ ತುಂಬ ಕೊಕ್ಕರೆಗಳಿದ್ದರೂ ನಮ್ಮವರಿಗೆ ಈ ಹೋಲಿಕೆ ಬೇಕಾಗಲಿಲ್ಲ. ಕನ್ನಡದ ಏತ, ತೆಲುಗಿನ ಏತಮು, ತಮಿಳಿನ ಏಟ್ರಂ ಮೂರೂ ‘ಏರು’ ಎಂಬ ಧಾತುವಿನ ಮಕ್ಕಳು. ನೀರು ಏರಬೇಕು, ಅಷ್ಟೆ. ಕನ್ನಡ, ತೆಲುಗು ಬೆರೆಸಿ ಆಡುವ ಈ ಗಡಿಸೀಮೆಯಲ್ಲಿ ಅರ್ಥ ಹೇಳಿಕೊಡುವ ಪ್ರಮೇಯವೇ ಇರಲಿಲ್ಲ.

ಆಮೇಲೆ ‘ಮೋಟ್ರು’ ಬಂತು, ಲ್ಯಾಟಿನ್ನಿನಲ್ಲಿ ಚಲಿಸುವಂತೆ ಮಾಡುವವನು ಎಂದು ಅರ್ಥ. ಬೋರ್‌ವೆಲ್ ಸಾವಿರ ಅಡಿ ದಾಟಿತು. ಏತ ಕಣ್ಮರೆಯಾಯಿತು, ಪದ ಮಾತ್ರ ಸರ್ಕಾರಿ ಕಡತ ಸೇರಿ ಬದುಕಿಕೊಂಡಿತು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಪಂಪುಗಳ ಬಲದಿಂದ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಇಂಥ ಯೋಜನೆಗಳನ್ನು ಕಡತದ ಕನ್ನಡ ಇವತ್ತಿಗೂ ಕರೆಯುವುದು ‘ಏತ ನೀರಾವರಿ’ ಎಂದೇ.